ಜೂಯಿಯ ಬಟ್ಟೆ, ಕೋರಮಂಡಲದ ಬಣ್ಣ: ಒಬೆರ್‌ಕಾಂಫ್ ಕದ್ದದ್ದೇನು, ಕಲಿತದ್ದೇನು?

2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಶನ್ ಶೋ ನಡೆಯಿತು. ಮಾಡೆಲ್‌ಗಳ ಕಾಲಲ್ಲಿದ್ದ ಚಪ್ಪಲಿ ನೋಡಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಇದು ಕೊಲ್ಹಾಪುರಿ ಅಲ್ವಾ? ಕಂಪನಿ ಮೊದಲು ಅದನ್ನು ಬರೀ ‘ಚರ್ಮದ ಸ್ಯಾಂಡಲ್’ ಎಂದು ಕರೆದಿತ್ತು. ಗಲಾಟೆ ಜೋರಾದ ಮೇಲೆ ಇದರ ಮೂಲ ಭಾರತದ್ದು ಎಂದು ಒಪ್ಪಿಕೊಂಡಿತು. ಹೆಸರು ಕೊಲ್ಹಾಪುರದ್ದಾದರೂ ಈ ಚಪ್ಪಲಿಯ ಜಿಐ (ಭೌಗೋಳಿಕ ಗುರುತು, ಅಂದರೆ ಊರಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ) ಮಾನ್ಯತೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿವೆ. ಅಥಣಿಯ ಕುಶಲಕರ್ಮಿಗಳಿಗೆ ಇದು ದೂರದ ಊರಿನ ಸುದ್ದಿಯಲ್ಲ.

ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಜಾ ಆಯಿತು. ಜಿಐ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಬಂದು ಕೇಳಲಿ ಎಂಬುದು ಕೋರ್ಟಿನ ನಿಲುವು. ಡಿಸೆಂಬರ್ ಹೊತ್ತಿಗೆ ಪ್ರಾಡಾ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ಎಂಬ ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಇಲ್ಲೇ 2,000 ಜೊತೆ ಚಪ್ಪಲಿ ಮಾಡಿಸಿ, ಒಂದು ಜೊತೆಗೆ ಸುಮಾರು 800 ಯೂರೋ ದರದಲ್ಲಿ ಮಾರುವ ಯೋಜನೆ ಅದು.

ಇಷ್ಟು ದಿನ ನಡೆದ ಚರ್ಚೆಯಲ್ಲಿ ‘ಕದ್ದರು’ ಎಂಬ ಪದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ನನಗೆ ಕಾಡಿದ್ದು ಬೇರೆ ಪ್ರಶ್ನೆ. ಒಂದು ಕಸುಬು ಊರು ಬಿಟ್ಟು ಇನ್ನೊಂದು ದೇಶಕ್ಕೆ ಹೋದಾಗ ನಿಜವಾಗಿ ಹೋಗುವುದು ಏನು? ಚಿತ್ತಾರವೇ, ಹೆಸರೇ, ಮಾಡುವ ವಿಧಾನವೇ? ಇದಕ್ಕೆ ಉತ್ತರ ಹುಡುಕಲು 18ನೇ ಶತಮಾನದ ಒಬ್ಬ ಫ್ರೆಂಚ್ ಕೈಗಾರಿಕೋದ್ಯಮಿಯ ಬದುಕು ತುಂಬಾ ಒಳ್ಳೆಯ ಉದಾಹರಣೆ. ಅವನ ಹೆಸರು ಕ್ರಿಸ್ತೋಫ್-ಫಿಲಿಪ್ ಒಬೆರ್‌ಕಾಂಫ್. ಪ್ಯಾರಿಸ್‌ನಲ್ಲಿ ಒಂದು ಬೀದಿಗೂ ಒಂದು ಮೆಟ್ರೋ ಸ್ಟೇಷನ್ನಿಗೂ ಅವನ ಹೆಸರಿದೆ. ಅವನು ಇಡೀ ಸಂಪತ್ತನ್ನು ಕಟ್ಟಿದ್ದು ಭಾರತದ ಪೂರ್ವ ಕರಾವಳಿಯಾದ ಕೋರಮಂಡಲದಿಂದ ಹೋದ ಒಂದು ವಿದ್ಯೆಯ ಮೇಲೆ: ಹತ್ತಿ ಬಟ್ಟೆಗೆ ಒಗೆದರೂ ಹೋಗದ ಬಣ್ಣದ ಚಿತ್ತಾರ ಹಾಕುವುದು.

ಫ್ರೆಂಚರು ಅಂಥ ಬಟ್ಟೆಯನ್ನು ಕರೆಯುತ್ತಿದ್ದುದೇ ‘ಇಂದಿಯೆನ್’ ಅಂತ. ಅಂದರೆ ‘ಭಾರತದ್ದು’. ನಮ್ಮ ಅಜ್ಜಿಯರ ಮಾತಿನಲ್ಲಿ ಹೇಳುವುದಾದರೆ ಚೀಟಿ ಬಟ್ಟೆ. 17ನೇ ಶತಮಾನದಲ್ಲಿ ಮಚಲೀಪಟ್ಟಣ, ಪಾಂಡಿಚೇರಿ, ಸೂರತ್‌ಗಳಿಂದ ಹಡಗು ಹಡಗು ಹೋಗುತ್ತಿತ್ತು. ಯುರೋಪಿನವರಿಗೆ ಉಣ್ಣೆ, ನಾರು, ರೇಷ್ಮೆ ಗೊತ್ತಿತ್ತು. ಹತ್ತಿಗೆ ಬಣ್ಣ ಹಿಡಿಸುವುದು ಗೊತ್ತಿರಲಿಲ್ಲ. ಅವರು ಬಟ್ಟೆಯ ಮೇಲೆ ಚಿತ್ರ ಬಿಡಿಸಿದರೆ ಒಂದು ಒಗೆತಕ್ಕೆ ಹೋಗುತ್ತಿತ್ತು. ಕೋರಮಂಡಲದ ಬಟ್ಟೆ ಒಗೆದಷ್ಟೂ ಹೊಳೆಯುತ್ತಿತ್ತು. ಹಗುರ, ಅಗ್ಗ, ಮೇಲೆ ಹೂಬಳ್ಳಿ. ರಾಣಿಯರಿಂದ ಹಿಡಿದು ಮನೆಗೆಲಸದ ಹೆಂಗಸರವರೆಗೆ ಎಲ್ಲರಿಗೂ ಅದೇ ಬೇಕಾಯಿತು.

ಲಿಯೋಂ ಪಟ್ಟಣದ ರೇಷ್ಮೆಯವರು, ಉಣ್ಣೆಯವರು ಸುಮ್ನೆ ಕೂರುತ್ತಾರೆಯೇ? 1686ರ ಅಕ್ಟೋಬರ್‌ನಲ್ಲಿ ಫ್ರೆಂಚ್ ರಾಜ ಈ ಬಟ್ಟೆಯನ್ನು ನಿಷೇಧಿಸಿದ. ಹೊರಗಿನಿಂದ ತರುವುದಷ್ಟೇ ಅಲ್ಲ, ದೇಶದೊಳಗೆ ಅಚ್ಚು ಹಾಕುವುದೂ ಅಪರಾಧವಾಯಿತು. ಮರದ ಅಚ್ಚುಗಳನ್ನು ಒಡೆಯಿರಿ ಎಂಬ ಆಜ್ಞೆ ಬಂತು. ಅದಕ್ಕೂ ಮುಂಚೆ ಮಾರ್ಸೇಯ್ ಬಂದರಿನಲ್ಲಿ ಅರ್ಮೇನಿಯನ್ನರಿಂದ ಕಲಿತು ಒಂದಿಷ್ಟು ಜನ ಅಚ್ಚು ಹಾಕಲು ಶುರು ಮಾಡಿದ್ದರು. ಅವರ ಕೈಯೂ ಕಟ್ಟಿಹೋಯಿತು.

ನಿಷೇಧ 73 ವರ್ಷ ನಡೆಯಿತು. ಮಜಾ ಏನೆಂದರೆ ಜನ ಉಡುವುದನ್ನು ನಿಲ್ಲಿಸಲೇ ಇಲ್ಲ. ಕಳ್ಳಸಾಗಣೆ ಮಾಡಿ ಸಿಕ್ಕಿಬಿದ್ದವರನ್ನು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಕಳಿಸುತ್ತಿದ್ದರು. 1755ರಲ್ಲಿ ಮರಣದಂಡನೆಗೆ ಗುರಿಯಾದ ಲೂಯಿ ಮಾಂದ್ರಾಂ ತಂಬಾಕಿನ ಜೊತೆ ಈ ಬಟ್ಟೆಯನ್ನೂ ಸಾಗಿಸುತ್ತಿದ್ದ, ಜನರ ಕಣ್ಣಲ್ಲಿ ಅವನು ವೀರ. ಅದೇ ಹೊತ್ತಿಗೆ ರಾಜನ ಪ್ರೇಯಸಿ ಮದಾಂ ದ ಪೊಂಪಾದೂರ್ ಮನೆಯಲ್ಲಿ ಕಿಟಕಿ ಪರದೆಗೂ ಕುರ್ಚಿಗೂ ಇದೇ ಬಟ್ಟೆ. ಕಾನೂನು ಯಾರ ಮನೆ ಬಾಗಿಲು ತಟ್ಟುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ನಿಷೇಧದ ದೊಡ್ಡ ಪರಿಣಾಮ ಗಡಿಯಾಚೆ ಆಯಿತು. ಅದರ ಹಿಂದಿನ ವರ್ಷವೇ, 1685ರಲ್ಲಿ, ಪ್ರೊಟೆಸ್ಟಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ರಾಜ ಕಿತ್ತುಕೊಂಡಿದ್ದ. ಕುಶಲಕರ್ಮಿಗಳು, ವ್ಯಾಪಾರಿಗಳು ಗುಳೆ ಹೋದರು. ಜಿನೀವಾ, ನ್ಯೂಶಾಟೆಲ್, ಬಾಸೆಲ್, ಆಮೇಲೆ ಮ್ಯುಲೂಸ್ ಎಲ್ಲೆಲ್ಲೂ ಅಚ್ಚಿನ ಬಟ್ಟೆಯ ಕಾರ್ಖಾನೆಗಳು ಎದ್ದವು. ಮ್ಯುಲೂಸ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ, ಅದೊಂದು ಪುಟ್ಟ ಸ್ವತಂತ್ರ ಗಣರಾಜ್ಯ. ಫ್ರಾನ್ಸ್ ಬಾಗಿಲು ಹಾಕಿಕೊಂಡು ಕೂತಿದ್ದಾಗ ಪಕ್ಕದ ಮನೆಯವರು ಕಸುಬು ಕಲಿತರು.

ಒಬೆರ್‌ಕಾಂಫ್ ಆ ಪಕ್ಕದ ಮನೆಯ ಹುಡುಗ. 1738ರ ಜೂನ್ 11ರಂದು ಜರ್ಮನ್ ನಾಡಿನ ವೀಸನ್‌ಬಾಖ್‌ನಲ್ಲಿ ಹುಟ್ಟಿದ. ಲೂಥರನ್ ಮನೆತನ. ಅಪ್ಪ ಬಣ್ಣಗಾರ, ಕೆಲಸ ಹುಡುಕಿಕೊಂಡು ಬಾಸೆಲ್‌ಗೆ, ಅಲ್ಲಿಂದ ಆರಾವ್‌ಗೆ ಹೋದವನು. ಹುಡುಗ ಅಪ್ಪನ ಕೈಕೆಳಗೇ ಕಲಿತ. ಆಮೇಲೆ ಮ್ಯುಲೂಸ್‌ನಲ್ಲಿ ಅಚ್ಚು ಕೆತ್ತುವ ಕೆಲಸ ಮಾಡಿ, 1758ರಲ್ಲಿ ಪ್ಯಾರಿಸ್‌ಗೆ ಬಂದ. ಆಗ ವಯಸ್ಸು 20. ಮರುವರ್ಷ ನಿಷೇಧ ಹೋಯಿತು. 73 ವರ್ಷ ಮುಚ್ಚಿದ್ದ ಮಾರುಕಟ್ಟೆ ತೆರೆದಾಗ ಫ್ರಾನ್ಸಿನೊಳಗೆ ಈ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಹೊರಗಿನಿಂದ ಬಂದವರಿಗೆ ಸುಗ್ಗಿ.

ವರ್ಸಾಯಿ ಅರಮನೆಯ ಹತ್ತಿರ ಜೂಯಿ-ಆನ್-ಜೋಸಾ ಎಂಬ ಹಳ್ಳಿಯನ್ನು ಅವನು ಆರಿಸಿಕೊಂಡ. ಯಾಕೆ ಅಲ್ಲೇ? ಬಿಯೆವ್ರ್ ಎಂಬ ಸಣ್ಣ ಹೊಳೆ, ತಿಳಿನೀರು. ಹೊಳೆಯ ಪಕ್ಕ ಬಟ್ಟೆ ಹಾಸಲು ಹುಲ್ಲುಗಾವಲು. ಗಿರಾಕಿಗಳಿರುವ ಅರಮನೆಗೂ ಪ್ಯಾರಿಸ್‌ಗೂ ಒಂದು ಗಾಡಿಯ ದೂರ. 1760ರ ಮೇ 1ರಂದು ಮೊದಲ ಬಟ್ಟೆಗೆ ಅವನೇ ಕೈಯಾರೆ ಅಚ್ಚು ಒತ್ತಿದ. ಚಿತ್ರ ಬಿಡಿಸುವವನು, ಕೆತ್ತುವವನು, ಒತ್ತುವವನು, ಬಣ್ಣ ಅದ್ದುವವನು ಎಲ್ಲ ಒಬ್ಬನೇ.

ಈಗ ಆ ವಿದ್ಯೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಕದ್ದರೋ ಕಲಿತರೋ ಎಂಬ ವಾದದ ಗಂಟು ಇರುವುದು ಇಲ್ಲೇ.

ಕೋರಮಂಡಲದಲ್ಲಿ ಕೆಂಪು ಬಣ್ಣ ತೆಗೆಯುತ್ತಿದ್ದುದು ಚಾಯ ಎಂಬ ಗಿಡದ ಬೇರಿನಿಂದ. ಹತ್ತಿ ಬಟ್ಟೆಗೆ ಬೇರಿನ ಕೆಂಪು ತಾನಾಗಿ ಅಂಟುವುದಿಲ್ಲ. ನಡುವೆ ಒಂದು ಲವಣ ಬೇಕು. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಬಿಳಿ ಕಲ್ಲು ಇದೆಯಲ್ಲ, ಪಟಿಕ, ಅದನ್ನು ನೀರಲ್ಲಿ ಕದಡಿ, ಅಂಟು ಸೇರಿಸಿ, ಬಟ್ಟೆಗೆ ಹಚ್ಚಬೇಕು. ಆಗ ಬಟ್ಟೆಯ ಮೇಲೆ ಹೆಚ್ಚೇನೂ ಕಾಣುವುದಿಲ್ಲ. ಆಮೇಲೆ ಇಡೀ ಬಟ್ಟೆಯನ್ನು ಬೇರಿನ ಕಷಾಯದಲ್ಲಿ ಕುದಿಸಿದರೆ ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಕೂರುತ್ತದೆ. ಪಟಿಕದ ಬದಲು ಕಬ್ಬಿಣದ ದ್ರಾವಣ ಹಚ್ಚಿದ ಕಡೆ ಅದೇ ಕಷಾಯದಲ್ಲಿ ಕಪ್ಪು. ಎರಡನ್ನೂ ಬೆರೆಸಿದರೆ ನೇರಳೆ. ಒಂದೇ ಹಂಡೆ, ಒಂದೇ ಕುದಿ, ಮೂರು ಬಣ್ಣ. ಕಲಂಕಾರಿ ಮಾಡುವವರನ್ನು ನೋಡಿದವರಿಗೆ ಇದು ಹೊಸದಲ್ಲ. ಕಾಳಹಸ್ತಿಯಲ್ಲಿ ಇವತ್ತಿಗೂ ಅಳಲೆಕಾಯಿ ಮತ್ತು ಹಾಲಿನಲ್ಲಿ ಬಟ್ಟೆ ನೆನೆಸಿ, ಕಬ್ಬಿಣ-ಬೆಲ್ಲ ಕೊಳೆಸಿದ ಕಪ್ಪಿನಲ್ಲಿ ಗೆರೆ ಎಳೆಯುತ್ತಾರೆ.

ಈ ಗುಟ್ಟು ಯುರೋಪಿಗೆ ಹಲವು ದಾರಿಯಲ್ಲಿ ಹೋಯಿತು. ಅದರಲ್ಲಿ ಒಂದು ದಾರಿ ನಮಗೆ ಚೆನ್ನಾಗಿ ಗೊತ್ತು. ಗಾಸ್ತೋಂ-ಲೋರಾಂ ಕರ್ದೂ ಎಂಬ ಜೆಸ್ಯೂಟ್ ಪಾದ್ರಿ ಕೋರಮಂಡಲದಲ್ಲಿದ್ದ. 1742ರಲ್ಲಿ ಅವನು ಫ್ರಾನ್ಸಿಗೆ ಒಂದು ಉದ್ದನೆಯ ಪತ್ರ ಬರೆದ. ಅಳಲೆಕಾಯಿ ಎಷ್ಟು, ಎಮ್ಮೆ ಹಾಲು ಎಷ್ಟು, ಎಷ್ಟು ಸಲ ಒಗೆಯಬೇಕು, ಎಷ್ಟು ಹೊತ್ತು ಒಣಗಿಸಬೇಕು, ಎಲ್ಲ ಅದರಲ್ಲಿದೆ. ಪತ್ರ ಅಚ್ಚಾಗಿ ಯುರೋಪಿನಲ್ಲಿ ಹರಡಿತು. ಮಾಹಿತಿ ಕೊಟ್ಟವರು ಹೊಸದಾಗಿ ಕ್ರೈಸ್ತರಾಗಿದ್ದ ಬಣ್ಣಗಾರರು. ಇದೇ ಪಾದ್ರಿ ಮುಂದೆ ಸಂಸ್ಕೃತ ಮತ್ತು ಲ್ಯಾಟಿನ್ ಒಂದೇ ಬಳ್ಳಿಯವು ಎಂದು ಗುರುತಿಸಿದವರಲ್ಲಿ ಮೊದಲಿಗನಾಗಿ ಹೆಸರಾದ. ವಿವರ ಕೊಟ್ಟ ಬಣ್ಣಗಾರರ ಹೆಸರು ಯಾರಿಗೂ ಬೇಕಾಗಲಿಲ್ಲ.

ಹಾಗಾದರೆ ಅದು ಕಳ್ಳತನವೇ? ನನ್ನ ಪ್ರಕಾರ ಪತ್ರದ ಮಟ್ಟಿಗೆ ಹೌದು ಅನ್ನಬಹುದು. ಕೊಟ್ಟವರಿಗೆ ಅದರಿಂದ ಬಿಡಿಗಾಸು ಬರಲಿಲ್ಲ. ಆದರೆ ಪತ್ರ ಓದಿ ಯಾರೂ ಕೋರಮಂಡಲದ ಬಟ್ಟೆ ಮಾಡಲಾಗಲಿಲ್ಲ ಎಂಬುದೂ ಅಷ್ಟೇ ನಿಜ. ಆ ಚಾಯ ಬೇರು ಅಲ್ಲಿ ಬೆಳೆಯುತ್ತಿರಲಿಲ್ಲ. ಅದರ ಜಾಗಕ್ಕೆ ಯುರೋಪಿನ ಮಂಜಿಷ್ಠದ ಬೇರು ಬಂತು. ಲೇಖನಿಯಲ್ಲಿ ದಿನಗಟ್ಟಲೆ ಬರೆಯುವ ತಾಳ್ಮೆಯ ಕೂಲಿ ಅಲ್ಲಿ ದುಬಾರಿ, ಅದಕ್ಕೆ ಮರದ ಅಚ್ಚು. ಅಂಟು ಬಿಡಿಸಲು ಬಟ್ಟೆಯನ್ನು ಸಗಣಿ ನೀರಿನಲ್ಲಿ ಅದ್ದುತ್ತಿದ್ದರು. ವರ್ಸಾಯಿಯ ಸೊಗಸುಗಾರ ಹೆಂಗಸರು ಉಟ್ಟದ್ದೆಲ್ಲ ಒಮ್ಮೆ ಸಗಣಿಯಲ್ಲಿ ಮಿಂದು ಬಂದದ್ದೇ! ನೀಲಿ ಹಚ್ಚಲು ನಮ್ಮವರು ಮೇಣ ಬಳಸಿ ನೀಲಿಯ ತೊಟ್ಟಿಗೆ ಇಳಿಸುತ್ತಿದ್ದರು. ಅಲ್ಲಿಯವರು ನೀಲಿಗೆ ಆರ್ಸೆನಿಕ್ ಇರುವ ಖನಿಜ ಬೆರೆಸಿ ಕುಂಚದಲ್ಲಿ ನೇರವಾಗಿ ತುಂಬುವ ಉಪಾಯ ಕಂಡುಕೊಂಡರು. ಹೆಜ್ಜೆ ಹೆಜ್ಜೆಗೂ ಬದಲಿ ಹುಡುಕಬೇಕಾಯಿತು. ಬದಲಿ ಹುಡುಕುವ ಆ ಕೆಲಸವೇ ಮುಂದೆ ಕೈಗಾರಿಕೆಯ ರಸಾಯನಶಾಸ್ತ್ರದ ಒಂದು ಬೇರಾಯಿತು.

ಒಬೆರ್‌ಕಾಂಫ್‌ನ ಜಾಣತನ ಇಲ್ಲಿದೆ. ಅವನು ಹೊಸದನ್ನು ಕಂಡುಹಿಡಿದದ್ದು ಕಡಿಮೆ. ಬೇರೆಯವರು ಕಂಡುಹಿಡಿದದ್ದು ತಡವಾಗದೆ ತನ್ನ ಅಂಗಳಕ್ಕೆ ಬರುವಂತೆ ನೋಡಿಕೊಂಡದ್ದು ಜಾಸ್ತಿ. ತಾಮ್ರದ ತಗಡಿನ ಮೇಲೆ ಕೆತ್ತಿ ಬಟ್ಟೆಗೆ ಒತ್ತುವ ಪದ್ಧತಿ 1750ರ ದಶಕದಲ್ಲಿ ಐರ್ಲೆಂಡಿನಲ್ಲಿ ಶುರುವಾಗಿತ್ತು, 1770ರಲ್ಲಿ ಜೂಯಿಗೆ ಬಂತು. ಕ್ಲೋರಿನ್ ಬಟ್ಟೆಯನ್ನು ಬಿಳುಪು ಮಾಡುತ್ತದೆ ಎಂದು ಬರ್ತೊಲೆ ಎಂಬ ವಿಜ್ಞಾನಿ ತೋರಿಸಿದಾಗ ಅದನ್ನು ಬೇಗ ಕೈಗೆತ್ತಿಕೊಂಡವರಲ್ಲಿ ಜೂಯಿಯವರೂ ಇದ್ದರು. ಹುಲ್ಲಿನ ಮೇಲೆ ವಾರಗಟ್ಟಲೆ ಹಾಸುತ್ತಿದ್ದ ಬಟ್ಟೆ ಗಂಟೆಗಳಲ್ಲಿ ಬಿಳಿಯಾಯಿತು. ಸೋದರಳಿಯ ಸಾಮುಯೆಲ್ ವಿಡ್ಮರ್‌ನನ್ನು ಬರ್ತೊಲೆಯ ಹತ್ತಿರ ಕಲಿಯಲು ಬಿಟ್ಟಿದ್ದ. 1797ರಲ್ಲಿ ಆ ಅಳಿಯನೇ ತಾಮ್ರದ ಉರುಳೆಯ ಯಂತ್ರ ಕೂರಿಸಿದ. ಇಂಗ್ಲೆಂಡಿನಲ್ಲಿ ಅದರ ಪೇಟೆಂಟ್ ಆದದ್ದು 1783ರಲ್ಲಿ. ಅಂದರೆ ಹದಿನಾಲ್ಕು ವರ್ಷದ ಅಂತರ, ನಡುವೆ ಒಂದು ಮಹಾಕ್ರಾಂತಿ ಬೇರೆ.

ಅವನ ಹಿಂದೆ ಇನ್ನೊಬ್ಬರಿದ್ದರು. ಪಾಲುದಾರ ಸರಾಸಾಂ ದ ಮರೇಜ್‌ನ ಹೆಂಡತಿ, ಮದಾಂ ದ ಮರೇಜ್. ಲೆಕ್ಕ, ವ್ಯಾಪಾರದ ಪತ್ರ, ಸಾಲ ವಸೂಲಿ ಎಲ್ಲ ಈ ಹೆಂಗಸಿನ ಕೈಯಲ್ಲಿ. 1760ರ ದಶಕದಿಂದ ಕ್ರಾಂತಿಯ ಹೊತ್ತಿನವರೆಗೆ ಕಂಪನಿಯ ಹಣದ ಕೀಲಿಕೈ ಇವರ ಸೊಂಟದಲ್ಲಿತ್ತು ಅನ್ನಬಹುದು. ಬೀದಿಗೆ ಹೆಸರು ಬಂದದ್ದು ಮಾತ್ರ ಒಬೆರ್‌ಕಾಂಫ್‌ನದು.

ಬಿಳಿ ಬಟ್ಟೆ ಎಲ್ಲಿಂದ ಬರುತ್ತಿತ್ತು? ಇದನ್ನು ಕೇಳಿದರೆ ಸ್ವಲ್ಪ ಆಶ್ಚರ್ಯವಾಗುತ್ತದೆ. ಬಹುಪಾಲು ಭಾರತದಿಂದಲೇ. ಲೋರಿಯಾಂ ಬಂದರಿನಲ್ಲಿ ಫ್ರೆಂಚ್ ಕಂಪನಿ ಹರಾಜು ಹಾಕುತ್ತಿದ್ದ ಬಿಳಿ ಹತ್ತಿ ಬಟ್ಟೆಯನ್ನು ಒಬೆರ್‌ಕಾಂಫ್ ಕೊಳ್ಳುತ್ತಿದ್ದ, ಸಾಲದಿದ್ದರೆ ಲಂಡನ್‌ನಿಂದ ತರಿಸುತ್ತಿದ್ದ. ಅಂದರೆ ನೇಯ್ಗೆ ಇಲ್ಲಿಯದು, ಬಣ್ಣ ಅಲ್ಲಿಯದು. ನಿಷೇಧ ತೆಗೆದ ಮೇಲೂ ಅಚ್ಚು ಹಾಕಿದ ವಿದೇಶಿ ಬಟ್ಟೆಗೆ ಸುಂಕದ ಗೋಡೆ ಇತ್ತು. ಬಿಳಿ ಬಟ್ಟೆಗೆ ದಾರಿ ಸಲೀಸಾಗಿತ್ತು. ಲಾಭ ಕೂರುವ ಹಂತವನ್ನು ಒಳಗೆ ಇಟ್ಟುಕೊಂಡು, ಬೆವರಿನ ಹಂತವನ್ನು ಹೊರಗೆ ಬಿಟ್ಟ ಲೆಕ್ಕಾಚಾರ ಅದು. ಇವತ್ತು ಮೊಬೈಲ್ ಫೋನಿನ ಬಿಡಿಭಾಗಕ್ಕೆ ಎಷ್ಟು ಸುಂಕ, ಜೋಡಿಸಿದ ಫೋನಿಗೆ ಎಷ್ಟು ಸುಂಕ ಎಂದು ನಮ್ಮ ಸರ್ಕಾರ ಕೂಡಿಸಿ ಕಳೆಯುವುದೂ ಇದೇ ಲೆಕ್ಕ.

ಇನ್ನೊಂದು ಕಹಿ ಸಂಗತಿ. ನಾಂತ್‌ನಂಥ ಬಂದರುಗಳ ಗುಲಾಮರ ವ್ಯಾಪಾರಿಗಳು ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಕೊಡುತ್ತಿದ್ದ ಸರಕಿನಲ್ಲಿ ಇಂದಿಯೆನ್ ಮುಖ್ಯವಾದದ್ದು. ಈ ಉದ್ಯಮದ ಇಡೀ ಮಾರುಕಟ್ಟೆಯನ್ನು ಸೊಗಸುಗಾರರ ಪರದೆ, ಲಂಗಗಳ ಕಥೆಯಾಗಿ ಮಾತ್ರ ಹೇಳುವುದು ಸರಿಯಲ್ಲ.

ಜೂಯಿಯ ಒಳಗೂ ಒಂದು ಏಣಿ ಇತ್ತು. ಮೇಲಿನ ಮೆಟ್ಟಿಲಲ್ಲಿ ಚಿತ್ರಕಾರರು, ಕೆತ್ತನೆಗಾರರು. ಅವರ ಕೆಳಗೆ ಅಚ್ಚು ಒತ್ತುವ ಗಂಡಸರು, ಕೂಲಿ ಚೆನ್ನಾಗಿತ್ತು. ಒಬ್ಬೊಬ್ಬ ಅಚ್ಚಿನವನ ಪಕ್ಕದಲ್ಲೂ ಒಂದು ಮಗು. ಬಣ್ಣದ ತೊಟ್ಟಿಯ ಮೇಲೆ ಬಣ್ಣವನ್ನು ಸಮನಾಗಿ ಸವರುತ್ತಾ ನಿಲ್ಲುವುದು ಅದರ ಕೆಲಸ. ಕುಂಚದಲ್ಲಿ ನೀಲಿ, ಹಳದಿ ತುಂಬುವವರು ಹೆಂಗಸರು. ಆರ್ಸೆನಿಕ್ ಬೆರೆತ ಆ ನೀಲಿಯ ಎದುರು ಬಗ್ಗಿ ಕೂತವರು ಇವರೇ, ಕೂಲಿ ಗಂಡಸರಿಗಿಂತ ಬಹಳ ಕಡಿಮೆ. 19ನೇ ಶತಮಾನದ ಆರಂಭಕ್ಕೆ ಕೆಲಸಗಾರರ ಸಂಖ್ಯೆ ಸಾವಿರ ದಾಟಿತ್ತು. ಕ್ರಾಂತಿಯ ವರ್ಷಗಳಲ್ಲಿ ಕಟ್ಟಿದ ದೊಡ್ಡ ಕಟ್ಟಡ 100 ಮೀಟರಿಗೂ ಉದ್ದ, ಬೆಳಕಿಗಾಗಿ ಸಾಲು ಸಾಲು ಕಿಟಕಿ. ಉಗಿಯಂತ್ರದ ಹೊಗೆ ಇಲ್ಲದೆಯೂ ಅದು ಕಾರ್ಖಾನೆಯೇ: ಕೆಲಸ ತುಂಡು ತುಂಡಾಗಿ ಹಂಚಿತ್ತು, ಹಾಜರಿ ಇತ್ತು, ಮೇಸ್ತ್ರಿ ಇದ್ದ.

ಈ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ 1783ರ ಒಂದು ಬಟ್ಟೆ ಇದೆ. ಚಿತ್ರಕಾರ ಜಾಂ-ಬಾಪ್ತಿಸ್ತ್ ಯುಎ ಜೂಯಿಗೆ ಸೇರಿದ ವರ್ಷ ಅದು. ಅವನು ಬಿಡಿಸಿದ್ದು ಕುರುಬಿಯರನ್ನಲ್ಲ, ದೇವತೆಗಳನ್ನಲ್ಲ. ಅದೇ ಕಾರ್ಖಾನೆಯನ್ನು. ಹೊಳೆಯಲ್ಲಿ ಬಟ್ಟೆ ಜಾಲಿಸುವವರು, ಹುಲ್ಲಿನ ಮೇಲೆ ಹಾಸುವವರು, ಅಚ್ಚು ಒತ್ತುವವರು, ಕುಂಚ ಹಿಡಿದ ಹೆಂಗಸರು, ಎಲ್ಲರೂ ಆ ಪರದೆ ಬಟ್ಟೆಯ ಮೇಲೆ ಇದ್ದಾರೆ. ತಾನು ತಯಾರಾಗುವ ಬಗೆಯನ್ನೇ ತನ್ನ ಮೈಮೇಲೆ ಹೊತ್ತ ಬಟ್ಟೆ. ಅದೇ ವರ್ಷ ಕಾರ್ಖಾನೆಗೆ ‘ರಾಜರ ಕಾರ್ಖಾನೆ’ ಎಂಬ ಬಿರುದು ಸಿಕ್ಕಿತು. ಅಂದಹಾಗೆ, ಇವತ್ತು ‘ತ್ವಾಲ್ ದ ಜೂಯಿ’ (ಜೂಯಿಯ ಬಟ್ಟೆ) ಎಂದರೆ ಎಲ್ಲರಿಗೂ ನೆನಪಾಗುವುದು ಬಿಳಿಯ ಮೇಲೆ ಒಂದೇ ಬಣ್ಣದ ಹಳ್ಳಿ ದೃಶ್ಯ. ನಿಜದಲ್ಲಿ ಅಲ್ಲಿ ಹೆಚ್ಚು ತಯಾರಾಗಿದ್ದು ಹಲವು ಬಣ್ಣದ ಹೂವಿನ ಬಟ್ಟೆ, ನಮ್ಮ ಚೀಟಿಯ ಸೋದರಸಂಬಂಧಿ.

ಒಬೆರ್‌ಕಾಂಫ್ 1770ರಲ್ಲಿ ಫ್ರೆಂಚ್ ಪ್ರಜೆಯಾದ. 1787ರಲ್ಲಿ ಲೂಯಿ 16 ಅವನಿಗೆ ಶ್ರೀಮಂತ ಪದವಿ ಕೊಟ್ಟ. ಎರಡೇ ವರ್ಷಕ್ಕೆ ಕ್ರಾಂತಿ ಬಂತು. ಪದವಿ ಕೊಟ್ಟ ರಾಜನ ತಲೆ ಹೋಯಿತು, ಇವನು ಉಳಿದ. ಊರಿನ ಮೇಯರ್ ಆಗಿದ್ದ, ಕ್ರಾಂತಿಯ ಹಬ್ಬದ ಚಿತ್ರಗಳನ್ನೂ ಬಟ್ಟೆಗೆ ಒತ್ತಿದ. 1806ರ ಜೂನ್‌ನಲ್ಲಿ ನೆಪೋಲಿಯನ್ ಕಾರ್ಖಾನೆಗೆ ಬಂದು, ತನ್ನ ಎದೆಯ ಮೇಲಿದ್ದ ಲೀಜನ್ ಆಫ್ ಆನರ್ ಪದಕವನ್ನೇ ತೆಗೆದು ಇವನಿಗೆ ತೊಡಿಸಿದ ಎಂಬುದು ಪ್ರಸಿದ್ಧ ಕಥೆ. ಇದನ್ನು ಅವಕಾಶವಾದ ಎನ್ನಬಹುದು. ಸಾವಿರ ಜನರ ಹೊಟ್ಟೆಪಾಡು ಹೊತ್ತವನ ಎಚ್ಚರ ಎಂದೂ ಅನ್ನಬಹುದು. ನಾನು ಎರಡನ್ನೂ ಒಪ್ಪುತ್ತೇನೆ.

ಆದರೆ ನೆಪೋಲಿಯನ್ ಒಂದು ಕೈಯಲ್ಲಿ ಪದಕ ಕೊಟ್ಟು ಇನ್ನೊಂದು ಕೈಯಲ್ಲಿ ಕತ್ತು ಅದುಮಿದ. ಇಂಗ್ಲೆಂಡನ್ನು ಬಗ್ಗಿಸಲು ಅದೇ 1806ರಲ್ಲಿ ಹೊರಗಿನ ಹತ್ತಿ ಬಟ್ಟೆಯ ಆಮದಿಗೆ ತಡೆ ಬಂತು, ಬಿಳಿ ಬಟ್ಟೆಯೂ ಸೇರಿ. ಜೂಯಿಯ ಕಚ್ಚಾ ಸರಕೇ ಅದು. ಒಬೆರ್‌ಕಾಂಫ್ ಎಸ್ಸೋನ್ ಊರಿನಲ್ಲಿ ನೂಲಿನ ಗಿರಣಿಗೆ ಹಣ ಸುರಿದ. ನೂಲು, ನೇಯ್ಗೆ, ಬಣ್ಣ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿ ಇರಬೇಕು ಎಂಬ ಯೋಜನೆ. 1810ರಲ್ಲಿ ಹತ್ತಿಯ ಮೇಲೂ ಭಾರೀ ಸುಂಕ ಬಿತ್ತು. ಯಾವ ಗೋಡೆ 1760ರಲ್ಲಿ ಅವನನ್ನು ಬೆಳೆಸಿತೋ ಅದೇ ಗೋಡೆ ಐವತ್ತು ವರ್ಷದ ಮೇಲೆ ಉಸಿರು ಕಟ್ಟಿಸಿತು. ಸುಂಕ ಒಳ್ಳೆಯದೋ ಕೆಟ್ಟದ್ದೋ ಎಂದು ಟಿವಿಯಲ್ಲಿ ಕಿತ್ತಾಡುವವರು ಈ ಒಬ್ಬನ ಖಾತೆಪುಸ್ತಕ ನೋಡಿದರೆ ಇಬ್ಬರಿಗೂ ಸಾಕ್ಷಿ ಸಿಗುತ್ತದೆ.

1815ರಲ್ಲಿ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ ಮೇಲೆ ಶತ್ರು ಸೈನ್ಯ ಪ್ಯಾರಿಸ್ ಸುತ್ತ ಬೀಡುಬಿಟ್ಟಿತು. ಜೂಯಿಯ ಕೆಲಸ ನಿಂತಿತು. ಅಕ್ಟೋಬರ್ 4ರಂದು ಒಬೆರ್‌ಕಾಂಫ್ ತೀರಿಕೊಂಡ, ವಯಸ್ಸು 77. ಮಗ ಒಂದಿಷ್ಟು ಕಾಲ ನಡೆಸಿದ. ಆದರೆ ಅಷ್ಟು ಹೊತ್ತಿಗೆ ಮ್ಯುಲೂಸ್, ರುವಾಂ ಊರುಗಳವರು ಉರುಳೆ ಯಂತ್ರದಲ್ಲಿ ಅಗ್ಗದ ಬಟ್ಟೆ ರಾಶಿ ಹಾಕುತ್ತಿದ್ದರು. 1843ಕ್ಕೆ ಬಾಗಿಲು ಮುಚ್ಚಿತು.

ಈಗ ಮತ್ತೆ ಚಪ್ಪಲಿಗೆ ಬರೋಣ. ಜಿಐ ಕಾಯುವುದು ಹೆಸರನ್ನು. ಕೊಲ್ಹಾಪುರಿ ಎಂದು ಬರೆದು ಬೇರೆ ಕಡೆಯ ಚಪ್ಪಲಿ ಮಾರಿದರೆ ತಡೆಯಬಹುದು. ಹೆಸರು ಹೇಳದೆ ಅದೇ ಮಾದರಿಯ ಚಪ್ಪಲಿ ಹೊಲಿದರೆ ಆ ಕಾನೂನಿನ ಕೈ ಅಷ್ಟಾಗಿ ಮುಟ್ಟುವುದಿಲ್ಲ. ಇನ್ನು ವಿಧಾನ? ಚರ್ಮ ಹದ ಮಾಡುವ, ಹೆಣೆಯುವ ಕ್ರಮ ಯಾರ ಗುಟ್ಟೂ ಅಲ್ಲ. ಆದ್ದರಿಂದ ‘ನಮ್ಮ ಡಿಸೈನ್ ಕದ್ದರು’ ಎಂಬ ಕೂಗು ನ್ಯಾಯವಾದದ್ದಾದರೂ ನೋಟ ಸ್ವಲ್ಪ ಬೇರೆ ಕಡೆ ಇದೆ ಅನಿಸುತ್ತದೆ. ಕೋರಮಂಡಲದ ಚಿತ್ತಾರ ಜೂಯಿಯಲ್ಲಿ ಬರಬರುತ್ತಾ ಬಹಳ ಬದಲಾಯಿತು. ಚಿತ್ತಾರ ಹೋದದ್ದರಿಂದ ಕೋರಮಂಡಲ ಬಡವಾಗಲಿಲ್ಲ. ಬಂಡವಾಳ, ರಸಾಯನಶಾಲೆ, ಸುಂಕದ ನೀತಿ, ಮಾರುಕಟ್ಟೆಯ ದಾರಿ ಇವೆಲ್ಲ ಇನ್ನೊಬ್ಬರ ಕೈಯಲ್ಲಿದ್ದವು. 2,000 ಜೊತೆಯ ಒಪ್ಪಂದದಲ್ಲಿ ನಾನು ಹುಡುಕುವುದು ಅದನ್ನೇ. ಅಥಣಿಯ ಹುಡುಗನಿಗೆ ಪ್ರಾಡಾದ ಮಾದರಿ ಕೋಣೆಯೊಳಗೆ ಜಾಗ ಇದೆಯೇ, ಅಥವಾ ಜೂಯಿಗೆ ಬಿಳಿ ಬಟ್ಟೆ ಕಳಿಸಿದ ನೇಕಾರನ ಜಾಗವೇ?

ಹೆಸರಿನ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಜೂಯಿಯ ಪ್ರತಿ ತಾನಿನ ತುದಿಯಲ್ಲೂ ಒಂದು ಪಟ್ಟಿ ಒತ್ತುತ್ತಿದ್ದರು: ಒಬೆರ್‌ಕಾಂಫ್ ಕಾರ್ಖಾನೆ, ವರ್ಸಾಯಿ ಹತ್ತಿರದ ಜೂಯಿ, ‘ಬೋಂ ತ್ಯಾಂ’, ಅಂದರೆ ಬಣ್ಣ ಬಿಡುವುದಿಲ್ಲ. ಒಗೆದರೆ ಹೋಗದ ಬಣ್ಣ ಎಂಬ ಆ ನಂಬಿಕೆ ಮೊದಲು ಹುಟ್ಟಿದ್ದು ಕೋರಮಂಡಲದ ಬಟ್ಟೆಯಿಂದ. ಬರೆದುಕೊಂಡವನು ಇವನು. ಹೊಲಿಯುವಾಗ ದರ್ಜಿ ಆ ಪಟ್ಟಿಯನ್ನು ಕತ್ತರಿಸಿ ಎಸೆಯುತ್ತಿದ್ದ. ಹೇಗೋ ಉಳಿದುಕೊಂಡ ತುಂಡುಗಳು ಈಗ ಮ್ಯೂಸಿಯಂಗಳಲ್ಲಿವೆ, ಅಸಲಿ ಜೂಯಿ ಯಾವುದು ಎಂದು ಗುರುತಿಸಲು ಅವು ಬೇಕು. ಯಾಕೆಂದರೆ ‘ತ್ವಾಲ್ ದ ಜೂಯಿ’ ಎಂಬ ಹೆಸರೂ ಕೈತಪ್ಪಿ ಹೋಗಿದೆ, ಈಗ ಯಾವ ದೇಶದ ಯಾವ ಗಿರಣಿಯಲ್ಲಿ ಒತ್ತಿದ್ದಕ್ಕೂ ಅದೇ ಹೆಸರು. ಅದೇ ಕಾಲದ ಕೋರಮಂಡಲದ ಬಟ್ಟೆಗಳನ್ನು ತಿರುಗಿಸಿ ನೋಡಿದರೆ ಕೆಲವುದರ ಬೆನ್ನಿಗೂ ಒಂದು ಮುದ್ರೆ ಕಾಣುತ್ತದೆ. ಅದು ಬಟ್ಟೆ ಕೊಂಡ ಈಸ್ಟ್ ಇಂಡಿಯಾ ಕಂಪನಿಯದು.